ಅಂಗಡಿಯ ಪಾಠ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ನಮ್ಮ ಜನರು ಬಹಳ ಸುಲಭವಾಗಿ ಆಡಿಬಿಡುತ್ತಾರೆ. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿರುವ ಒಬ್ಬ ತಾಯಿಗೆ ಮಾತ್ರ ಈ ಗಾದೆಯ ಮೇಲೆ ತೀರದ ಮುನಿಸು. ಆಕೆಯ ಮಗನಿಗೆ 29 ವರ್ಷ. ಡೌನ್ ಸಿಂಡ್ರೋಮ್ ಎಂಬ ಸ್ಥಿತಿಯೊಡನೆ ಹುಟ್ಟಿದವನು. ಆತನಿಗೆ ಅಂಗಡಿಯ ವ್ಯವಹಾರವನ್ನು ಕಲಿಸಬೇಕೆಂದು ಆಕೆ ಹೊರಟಾಗ ಬಂಧುಗಳೆಲ್ಲರೂ ಈ ಗಾದೆಯನ್ನೇ ಹೇಳಿದರು. "ಬೇಕಾದುದನ್ನೆಲ್ಲ ನೀವೇ ತಂದುಕೊಡುತ್ತೀರಲ್ಲ, ಅವನಿಗೇಕೆ ಈ ಶ್ರಮ?" ಎಂದು ಕೇಳಿದವರೂ ಉಂಟು. ಕೇಳಿದವರು ಕೆಟ್ಟವರಲ್ಲ. ಆದರೆ ತಾಯಿಗೆ ಆಗ 63 ವರ್ಷ. ಆ ಪ್ರಶ್ನೆಗೆ ಉತ್ತರವು ಆಕೆಯ ವಯಸ್ಸಿನಲ್ಲಿಯೇ ಇದ್ದಿತು.

ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಈ ಸ್ಥಿತಿಯ ಲಕ್ಷಣಗಳನ್ನು 1866ರಲ್ಲಿ ವರ್ಣಿಸಿದನು. ಅದಕ್ಕೆ ಆತನ ಹೆಸರೇ ನಿಂತಿತು. ಅದರ ಮೂಲವು ತಿಳಿದುಬಂದುದು 1959ರಲ್ಲಿ, ಫ್ರಾನ್ಸಿನ ವಿಜ್ಞಾನಿಗಳಿಂದ. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿರುವುದು ವಾಡಿಕೆ. ಇವರಲ್ಲಿ ಸಾಮಾನ್ಯವಾಗಿ 21ನೆಯದರ ಪ್ರತಿಯೊಂದು ಹೆಚ್ಚಾಗಿರುತ್ತದೆ. ಇದು ಯಾರ ತಪ್ಪೂ ಅಲ್ಲ, ಯಾವ ಪಾಪದ ಫಲವೂ ಅಲ್ಲ. ಅಮೆರಿಕದಲ್ಲಿ 1983ರ ಸುಮಾರಿಗೆ ಇಂಥವರ ಸರಾಸರಿ ಆಯುಷ್ಯವು 25 ವರ್ಷವಾಗಿದ್ದಿತು. ಹೃದಯದ ಶಸ್ತ್ರಚಿಕಿತ್ಸೆಯೇ ಮೊದಲಾದವು ಸುಧಾರಿಸಿದುದರಿಂದ ಅದು ಈಗ ಸುಮಾರು 60ಕ್ಕೆ ಏರಿದೆ. ಹಿಂದೆ ತಾಯ್ತಂದೆಗಳಿಗೆ ಮಗುವು ಉಳಿದೀತೆ ಎಂಬ ಚಿಂತೆ. ಇಂದು ತಮ್ಮ ತರುವಾಯ ಅದು ಹೇಗೆ ಬಾಳೀತು ಎಂಬ ಚಿಂತೆ. ಎರಡನೆಯ ಚಿಂತೆಯು ಒಂದು ಬಗೆಯಲ್ಲಿ ಭಾಗ್ಯವೇ ಸರಿ. ಆದರೂ ಅದು ರಾತ್ರಿ ನಿದ್ದೆಯನ್ನು ಬಿಡಿಸುವುದು ತಪ್ಪದು.

ತಾಯಿಯು ಮೊದಲು ಸ್ಲೇಟು ಹಿಡಿದು ಕಳೆಯುವ ಲೆಕ್ಕವನ್ನು ಹೇಳಿಕೊಟ್ಟಳು. ಎರಡು ವಾರಗಳಲ್ಲಿ ಮಗನಿಗೆ ಸ್ಲೇಟನ್ನು ಕಂಡರೇ ಆಗದಂತಾಯಿತು. ಆಗ ವಿಶೇಷ ಶಾಲೆಯ ಉಪಾಧ್ಯಾಯಿನಿಯೊಬ್ಬರು ದಾರಿ ತೋರಿಸಿದರು. ಇಂಥವರಲ್ಲಿ ಹಲವರಿಗೆ ಕಿವಿಯಲ್ಲಿ ಕೇಳಿದುದು ಬೇಗ ಜಾರಿಹೋಗುತ್ತದೆ, ಕಣ್ಣಿನಲ್ಲಿ ಕಂಡುದು ಹೆಚ್ಚು ಕಾಲ ನಿಲ್ಲುತ್ತದೆ. ಆದ್ದರಿಂದ ಸಾಮಾನಿನ ಪಟ್ಟಿಯು ಅಕ್ಷರದಲ್ಲಿರದೆ ಚಿತ್ರದಲ್ಲಿರಬೇಕು. ಆಟದ ನೋಟುಗಳನ್ನು ಬಿಟ್ಟು ನಿಜವಾದ ನೋಟುಗಳನ್ನೇ ಕೈಗೆ ಕೊಡಬೇಕು. ಅಂದಿನಿಂದ ಸೋಪಿನ ಹೊದಿಕೆ, ಬೆಂಕಿಪೊಟ್ಟಣದ ಮುಖ, ಅವಲಕ್ಕಿಯ ಚೀಲದ ತುಂಡು ಇವೆಲ್ಲ ಒಂದು ರಟ್ಟಿನ ಮೇಲೆ ಸಾಲಾಗಿ ಕುಳಿತು ಪಟ್ಟಿಯಾದವು.

ಲೆಕ್ಕಕ್ಕೆ ಉಪಕಾರ ಮಾಡಿದುದು ಕನ್ನಡ ಭಾಷೆ. "ಮೂವತ್ತೇಳು" ಎಂದರೆ ಮೊದಲು ಕಿವಿಗೆ ಬೀಳುವುದು ಮೂವತ್ತು, ಆಮೇಲೆ ಏಳು. ಹತ್ತುಗಳು ಹೀಗೆ ಮುಂದೆ ನಿಂತು ತಮ್ಮ ಗುರುತನ್ನು ತಾವೇ ಹೇಳುತ್ತವೆ. ಮೂವತ್ತು ಕೇಳಿಸಿದೊಡನೆ ಹತ್ತರ ಮೂರು ನೋಟು ಎಣಿಸುವುದು, ಬಾಲದಲ್ಲಿ ಏನಾದರೂ ಉಳಿದಿದ್ದರೆ ಇನ್ನೊಂದು ಹತ್ತನ್ನು ಸೇರಿಸುವುದು, ಇಷ್ಟೇ ಸೂತ್ರ. ಕಳೆಯುವ ಲೆಕ್ಕವೇ ಬೇಡ. ಒಂದು ಮತ್ತು ಎರಡು ರೂಪಾಯಿಯ ನಾಣ್ಯಗಳು ಎಲ್ಲರನ್ನೂ ಏಮಾರಿಸುವುದರಿಂದ ಅವುಗಳನ್ನು ಸದ್ಯಕ್ಕೆ ದೂರವಿರಿಸಲಾಯಿತು.

ಕಲಿಕೆಯ ಕ್ರಮವು ಹಿಂದುಮುಂದಾಗಿದ್ದಿತು. ಮೊದಲನೆಯ ವಾರ ಎಲ್ಲವನ್ನೂ ತಾಯಿಯೇ ಮಾಡುವುದು. ಕೊನೆಗೆ ಚೀಲವನ್ನೂ ಚಿಲ್ಲರೆಯನ್ನೂ ಕೈಚಾಚಿ ತೆಗೆದುಕೊಳ್ಳುವುದಷ್ಟೇ ಮಗನ ಕೆಲಸ. ಅದು ಕೈಗೆ ಕೂಡಿದ ಮೇಲೆ ಹಣ ಕೊಡುವುದೂ ಆತನದೇ. ಹೀಗೆ ಕೊನೆಯ ಮೆಟ್ಟಿಲಿನಿಂದ ಮೊದಲಿನ ಮೆಟ್ಟಿಲಿಗೆ ಇಳಿದು ಬಂದುದರಿಂದ, ಪ್ರತಿದಿನದ ಪಾಠವೂ ಚೀಲವು ಕೈಸೇರಿದ ಸಂತೋಷದಲ್ಲಿಯೇ ಮುಗಿಯುತ್ತಿದ್ದಿತು. ಹಾಡುತ್ತ ಹಾಡುತ್ತ ರಾಗವೆಂಬ ಗಾದೆಯೂ ನಮ್ಮದೇ ಅಲ್ಲವೆ?

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಗ್ಗೆ ಆತನನ್ನು ಒಬ್ಬನನ್ನೇ ಬೀದಿಯ ಕೊನೆಯ ಅಂಗಡಿಗೆ ಕಳುಹಿಸಿದ್ದಾಯಿತು. ಅರ್ಧ ಕಿಲೋ ಅವಲಕ್ಕಿ, ಒಂದು ಬೆಂಕಿಪೊಟ್ಟಣ. ಕೈಯಲ್ಲಿ ಹತ್ತರ ಐದು ನೋಟು. ಹತ್ತು ನಿಮಿಷದ ಕೆಲಸ. ಅರ್ಧ ಗಂಟೆಯಾದರೂ ಮಗನು ಬಾರದಿರಲು ತಾಯಿಯು ಸೆರಗನ್ನು ಸರಿಪಡಿಸಿಕೊಳ್ಳುತ್ತ ಬೀದಿಗೆ ಓಡಿದಳು. ಆತನು ಅಂಗಡಿಯ ಕಂಬದ ಪಕ್ಕದಲ್ಲಿ ರಟ್ಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದನು. ಬಂದವರು ಆತನ ಭುಜದ ಮೇಲಿನಿಂದ ಕೈಚಾಚಿ ತಮತಮಗೆ ಬೇಕಾದುದನ್ನು ಕೊಂಡು ಹೋಗುತ್ತಿದ್ದರು. ಅಂಗಡಿಯವರು ತಾಯಿಯನ್ನು ಕಂಡೊಡನೆ, "ಏನಮ್ಮಾ, ಮರಿಗೆ ಏನು ಬೇಕಂತೆ?" ಎಂದರು.

ಉತ್ತರವು ಆಕೆಯ ನಾಲಗೆಯ ತುದಿಯಲ್ಲಿದ್ದಿತು. ಆಕೆ ಅದನ್ನು ನುಂಗಿಕೊಂಡು, "ಅವನನ್ನೇ ಕೇಳಿ ಅಣ್ಣಾ" ಎಂದಳು. ಹಿಂದೆ ನಿಂತಿದ್ದವರು ಗೊಣಗಿದರು. ಮಗನ ಮೊದಲ ಮಾತು ಯಾರಿಗೂ ಅರ್ಥವಾಗಲಿಲ್ಲ. ಎರಡನೆಯ ಸಲ ಅವಲಕ್ಕಿ ಎಂಬುದು ಸ್ಪಷ್ಟವಾಗಿ ಕೇಳಿಸಿತು. ಮೂವತ್ತೇಳು ಎಂದಾಗ ಆತನು ತಡವರಿಸದೆ ಹತ್ತರ ನಾಲ್ಕು ನೋಟುಗಳನ್ನು ಎಣಿಸಿ ಮುಂದಿಟ್ಟನು.

ಅಂದಿನ ರಾತ್ರಿ ಆ ತಾಯಿಗೆ ತನ್ನ ತಪ್ಪು ತಿಳಿಯಿತು. ಲೆಕ್ಕವನ್ನು ಕಲಿಸಿದ್ದಳು, ಸರದಿಗೆ ಕಾಯುವುದನ್ನು ಕಲಿಸಿದ್ದಳು. ಸರದಿ ಬಂದಾಗ ಅದು ತನ್ನದೆಂದು ಹೇಳುವುದನ್ನು ಕಲಿಸಿರಲಿಲ್ಲ. 29 ವರ್ಷಗಳ ಕಾಲ ವಿಧೇಯತೆಯನ್ನೇ ಹೊಗಳಿಸಿಕೊಂಡು ಬೆಳೆದವನು ಕಂಬದ ಪಕ್ಕದಲ್ಲಿ ನಿಲ್ಲದೆ ಮತ್ತೇನು ಮಾಡಬೇಕು? ಮರುದಿನದಿಂದ "ಈಗ ನನ್ನ ಸರದಿ" ಎಂಬ ಮೂರು ಮಾತುಗಳ ಅಭ್ಯಾಸವು ಮೊದಲಾಯಿತು.

ಆದರೆ ಪಾಠವು ಕೊಳ್ಳುವವನಿಗೆ ಮಾತ್ರ ಸಾಲದು. ತಾಯಿಯು ಅಂಗಡಿಯವರಲ್ಲಿ ಮೂರು ಕೋರಿಕೆಗಳನ್ನು ಸಲ್ಲಿಸಿದಳು: ಆತನ ಮುಖವನ್ನು ನೋಡಿ ಮಾತಾಡಬೇಕು, ಬೆಲೆಯನ್ನು ಎರಡು ಸಲ ನಿಧಾನವಾಗಿ ಹೇಳಬೇಕು, ಚಿಲ್ಲರೆಯನ್ನು ಅಂಗೈಯಲ್ಲಿ ಎಣಿಸಿ ಇಡಬೇಕು. ಇದಕ್ಕೆ ತಗಲುವುದು ಒಂದು ನಿಮಿಷ. 2016ರಲ್ಲಿ ನಮ್ಮ ದೇಶದಲ್ಲಿ ಆದ ಅಧಿನಿಯಮವು, ಇಂಥವರೂ ಉಳಿದವರಂತೆಯೇ ತಮ್ಮ ಹಣಕಾಸಿನ ವ್ಯವಹಾರಕ್ಕೆ ತಾವೇ ಯಜಮಾನರೆಂದು ಸಾರಿದೆ. ದೊಡ್ಡ ಮಾತೇನೋ ನಿಜ. ಆದರೆ ದಿಲ್ಲಿಯಲ್ಲಿ ಬರೆದ ಹಕ್ಕು ಕೈಗೆ ಸಂದಾಯವಾಗಬೇಕಾದುದು ಬೀದಿಯ ಕೊನೆಯ ಅಂಗಡಿಯಲ್ಲಿ. ಆ ಒಂದು ನಿಮಿಷವನ್ನು ಅಂಗಡಿಯವರೂ ಹಿಂದೆ ನಿಂತವರೂ ಕೊಡದಿದ್ದರೆ ತಾಯಿಯು ಎಷ್ಟು ಕಲಿಸಿದರೂ ಅದು ಮನೆಯೊಳಗಿನ ಆಟವಾಗಿಯೇ ಉಳಿಯುತ್ತದೆ.

ತಪ್ಪುಗಳು ಈಗಲೂ ಆಗುತ್ತವೆ. ಇಪ್ಪತ್ತರ ನೋಟಿಗೂ ಇನ್ನೂರರ ನೋಟಿಗೂ ಹಳದಿಯ ಛಾಯೆಯೇ ಇರುವುದರಿಂದ ಒಮ್ಮೆ ಒಂದಕ್ಕೆ ಒಂದು ಬದಲಾಯಿತು. ಅಂಗಡಿಯವರು ಕರೆದು ಹಿಂದಕ್ಕೆ ಕೊಟ್ಟರು. ಎಲ್ಲ ಅಂಗಡಿಗಳಲ್ಲಿಯೂ ಹೀಗೆಯೇ ಆಗುವುದೆಂದು ತಾಯಿಯು ನಂಬಿಲ್ಲ. ಆದ್ದರಿಂದ ಚೀಲದಲ್ಲಿ ದೊಡ್ಡ ನೋಟನ್ನು ಇಡುವುದಿಲ್ಲ, ವಾರಕ್ಕೊಂದು ಹೊಸ ಅಂಗಡಿಯ ಪರಿಚಯವನ್ನು ಮಾತ್ರ ಬಿಡುವುದಿಲ್ಲ.

ಮೊನ್ನೆ ಅಂಗಡಿಗೆ ಹೊಸದಾಗಿ ಸೇರಿದ ಹುಡುಗನು ಆತನನ್ನು "ಏನೋ ಮರಿ" ಎಂದು ಮಾತಾಡಿಸಿದನಂತೆ. ಗಲ್ಲಾದ ಮುಂದೆ ಕುಳಿತಿದ್ದ ಅಂಗಡಿಯವರು, "ಏನು ಕೊಡಲಿ ಸ್ವಾಮಿ ಅಂತ ಕೇಳೋ" ಎಂದು ಗದರಿಸಿದರಂತೆ. ಮಗನು ಮನೆಗೆ ಬಂದು ಚೀಲವನ್ನು ಕೆಳಗಿಟ್ಟು, "ಅಮ್ಮಾ, ನನಗೆ ಸ್ವಾಮಿ ಅಂದರು" ಎಂದು ಎರಡು ಸಲ ಹೇಳಿದನು. ತಾಯಿಯು ಚಿಲ್ಲರೆಯನ್ನು ಎಣಿಸಿದಳು; ಒಂದು ರೂಪಾಯಿ ಕಡಮೆಯಾಗಿದ್ದಿತು. ಅಂದು ಆಕೆ ಆ ಮಾತನ್ನು ಎತ್ತಲಿಲ್ಲ. ಲೆಕ್ಕದ ಪಾಠವು ನಾಳೆಯೂ ಇದ್ದೇ ಇರುತ್ತದೆ.