ಒಂದು ವರ್ಷದ ಸಾಲ

ಈ ಸ್ಮರಣ ಸಂಪುಟಕ್ಕೆ ಹಳಗನ್ನಡ ಕಾವ್ಯವನ್ನು ಕುರಿತು ಏನಾದರೂ ಬರೆಯಬೇಕೆಂಬುದು ಸಂಪಾದಕ ಬಂಧುಗಳ ಅಪೇಕ್ಷೆಯಾಗಿತ್ತು. ಲೇಖನಿ ಹಿಡಿದು ಕುಳಿತಾಗ ಮನಸ್ಸು ಕಾವ್ಯದ ಕಡೆಗೆ ಹರಿಯಲಿಲ್ಲ. ಈ ಶಾಲೆಯಲ್ಲಿ ಕಲಿತು ಧಾರವಾಡಕ್ಕೆ ಹೋದ ಒಬ್ಬ ಶಿಷ್ಯನ ಕಡೆಗೆ ಹರಿಯಿತು. ವಾಚಕರು ಕ್ಷಮಿಸಬೇಕು.

2021ರಲ್ಲಿ ಆ ಹುಡುಗನು ಬಿ.ಕಾಂ. ಮುಗಿಸಿ ತಂದೆಯೊಡನೆ ನನ್ನ ಮನೆಗೆ ಬಂದನು. ಎರಡೆಕರೆ ಗೋವಿನಜೋಳದ ಹೊಲವನ್ನು ನಂಬಿದ ಮನೆತನ. "ಪಂಡಿತರ, ಇಂವಾ ಎಂ.ಬಿ.ಎ. ಓದತೀನಿ ಅಂತಾನ್ರಿ. ಓದಿಸಬೇಕೋ ಬ್ಯಾಡೋ, ನೀವs ಹೇಳ್ರಿ" ಎಂದು ತಂದೆ ಕೇಳಿದರು. ನಾನು ಕ್ಷಣವೂ ಯೋಚಿಸಲಿಲ್ಲ. "ಅದು ವಿದ್ಯೆಯಲ್ಲ, ವ್ಯಾಪಾರ. ಬಿ.ಎಡ್. ಮಾಡಿಸಿರಿ, ನಾಲ್ಕು ಮಕ್ಕಳಿಗೆ ಅಕ್ಷರ ಹೇಳಲಿ" ಎಂದೆ. ಹುಡುಗನು ತಲೆ ತಗ್ಗಿಸಿ ಕುಳಿತಿದ್ದನು. ಆ ವರ್ಷ ಅವನು ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಲಿಲ್ಲ, ಬಿ.ಎಡ್.ಗೂ ಸೇರಲಿಲ್ಲ. ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತ ಕಳೆದನು.

ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರೆಂದು ವರ್ಷವರ್ಷವೂ ಪಾಠ ಹೇಳುವ ನಾನು ಈ ಮಾತನ್ನು ಆಡಿದೆನಲ್ಲ! ಮಠದ ಗುರುಗಳ ಹೆಸರನ್ನೇ ಹೊತ್ತ ಜಗದ್ಗುರು ಗಂಗಾಧರ ವಾಣಿಜ್ಯ ಮಹಾವಿದ್ಯಾಲಯವು ಹುಬ್ಬಳ್ಳಿಯಲ್ಲಿ 1947ರಲ್ಲಿಯೇ ಆರಂಭವಾಗಿತ್ತೆಂಬುದೂ ನನಗೆ ತಿಳಿಯದ ಸಂಗತಿಯಲ್ಲ. ಆದರೆ ಅಮರಕೋಶ, ಶಬ್ದಮಣಿದರ್ಪಣಗಳನ್ನು ಕಂಠಪಾಠ ಮಾಡಿ ಬೆಳೆದವನಿಗೆ ಒಂದು ಬಗೆಯ ಜಂಬವಿರುತ್ತದೆ.

ಮರುವರ್ಷ ಅವನು ನನ್ನನ್ನು ಕೇಳದೆಯೇ ಪರೀಕ್ಷೆ ಬರೆದನು. ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ವ್ಯವಸ್ಥಾಪನಾ ಅಧ್ಯಯನ ಸಂಸ್ಥೆಯಲ್ಲಿ ಸ್ಥಾನ ದೊರೆಯಿತು. ಹೊರಡುವ ದಿನ ಬಂದು ನಮಸ್ಕರಿಸಿದನು. "ಒಳ್ಳೆಯದಾಗಲಿ" ಎಂದೆ, ಅದಕ್ಕಿಂತ ಹೆಚ್ಚಿನ ಮಾತು ಬಾಯಿಗೆ ಬರಲಿಲ್ಲ.

2023ರಲ್ಲಿ ಹಸ್ತಪ್ರತಿಯೊಂದನ್ನು ನೋಡುವ ನಿಮಿತ್ತ ನಾನು ಧಾರವಾಡಕ್ಕೆ ಹೋಗಬೇಕಾಯಿತು. ಹುಬ್ಬಳ್ಳಿಯಲ್ಲಿ ಚಿಗರಿ ಬಸ್ಸು ಹತ್ತಿ ಇಳಿದಾಗ ಹುಡುಗನು ಎದುರುಗೊಳ್ಳಲು ಬಂದು ನಿಂತಿದ್ದನು. 1949ರಲ್ಲಿ ಮುಂಬಯಿಯಲ್ಲಿ ಜನ್ಮತಾಳಿ ಮರುವರ್ಷ ಧಾರವಾಡಕ್ಕೆ ಬಂದ ಈ ವಿಶ್ವವಿದ್ಯಾಲಯಕ್ಕೆ, 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಡಿ.ಸಿ. ಪಾವಟೆಯವರು ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ರೂಪ ಕೊಟ್ಟರು. ಆ ವಿಶಾಲ ಆವರಣದಲ್ಲಿ ಅವನ ವಿಭಾಗವು ಚಿಕ್ಕದೊಂದು ಸಂಸಾರದಂತಿತ್ತು. ದಾರಿಯಲ್ಲಿ ಎದುರಾದ ಅಲ್ಲಿನ ವಿದ್ಯಾರ್ಥಿಗಳೆಲ್ಲರೂ ಅವನನ್ನು ಹೆಸರು ಹಿಡಿದು ಮಾತನಾಡಿಸಿದರು, ನನ್ನನ್ನು "ನಿಮ್ಮ ಊರಿನ ಗುರುಗಳೇನು?" ಎಂದು ವಿಚಾರಿಸಿದರು.

ಆ ರಾತ್ರಿ ವಿದ್ಯಾರ್ಥಿನಿಲಯದ ಅವನ ಕೋಣೆಯಲ್ಲಿ ಕಂಡದ್ದನ್ನೇ ಹೇಳಬೇಕೆಂದು ಇಷ್ಟು ದೂರ ಬಂದೆ. ಊಟವಾದ ಬಳಿಕ ಆರೇಳು ಹುಡುಗರು ಚಾಪೆ ಹಾಸಿ ಕುಳಿತರು. ಒಬ್ಬನು ವಿಜಾಪುರದ ಕಡೆಯವನು, ಒಬ್ಬನು ಕಾರವಾರದವನು, ಇಬ್ಬರು ಗದಗಿನವರು. ಇನ್ನೊಬ್ಬನು ಹುಬ್ಬಳ್ಳಿಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿಯೇ ಓದಿದವನು. ಆ ದಿನದ ಪಾಠ 'ವರ್ಕಿಂಗ್ ಕ್ಯಾಪಿಟಲ್'. ಪುಸ್ತಕದ ಇಂಗ್ಲಿಷ್ ವಾಕ್ಯವನ್ನು ಹುಬ್ಬಳ್ಳಿಯವನು ಓದಿದನು. ಕಾರವಾರದವನು ಅರ್ಥವಾಗಲಿಲ್ಲವೆಂದನು. ಆಗ ನನ್ನ ಶಿಷ್ಯನು, "ಬೀಜಾ ಗೊಬ್ಬರಕ್ಕ ಹಾಕಿದ ರೊಕ್ಕ, ಬೆಳಿ ಮಾರಿ ತಿರುಗಿ ಕೈಗೆ ಬರೋತನಕ ಒಕ್ಕಲತನಾ ನಿಲ್ಲದಾಂಗ ನಡಸಾಕ ಬೇಕಲ್ಲ, ಆ ರೊಕ್ಕ" ಎಂದನು. ಗೊಬ್ಬರದ ಅಂಗಡಿಯ ಉದ್ರಿ ಪುಸ್ತಕವನ್ನೇ ಉದಾಹರಣೆಯಾಗಿಟ್ಟುಕೊಂಡು, ಯಾರ ಹಣ ಎಷ್ಟು ತಿಂಗಳು ಎಲ್ಲಿ ಸಿಕ್ಕಿಕೊಂಡಿರುತ್ತದೆಂದು ಬಿಡಿಸಿ ಹೇಳಿದನು. ಆ ಉದ್ರಿಯ ಹೆಸರು ಕಿವಿಗೆ ಬಿದ್ದಾಗ ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆಯನ್ನು ನೋಡಿದೆ.

ಆಮೇಲೆ ಸರದಿ ತಿರುಗಿತು. ಪ್ರತಿಯೊಬ್ಬನೂ ಎದ್ದು ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತನಾಡಬೇಕು, ತಪ್ಪನ್ನು ಹುಬ್ಬಳ್ಳಿಯವನು ತಿದ್ದಬೇಕು, ಯಾರೂ ನಗಕೂಡದು. ಮೊದಲ ತಿಂಗಳಲ್ಲಿ ನನ್ನ ಶಿಷ್ಯನು ತರಗತಿಯಲ್ಲಿ ಎದ್ದು ನಿಂತು ಎರಡು ವಾಕ್ಯಕ್ಕೆ ತಡವರಿಸಿ ಕುಳಿತುಬಿಟ್ಟಿದ್ದನಂತೆ. ಅಂದಿನಿಂದ ಈ ಪದ್ಧತಿ. ಪಾಠಶಾಲೆಯಲ್ಲಿ ಸಂಜೆ ದೀಪದ ಮುಂದೆ ಸಹಪಾಠಿಗಳೊಡನೆ ನಾನು ಮಾಡುತ್ತಿದ್ದ ಚಿಂತನೆ ಇದಲ್ಲದೆ ಮತ್ತೇನು? ಅಲ್ಲಿ ಸೂತ್ರ, ಇಲ್ಲಿ ಲೆಕ್ಕ, ಅಷ್ಟೇ.

2024ರ ಬೇಸಿಗೆಯಲ್ಲಿ ಅವನೂ ವಿಜಾಪುರದ ಗೆಳೆಯನೂ ಪ್ರಬಂಧಕ್ಕಾಗಿ ಬ್ಯಾಡಗಿ ಪೇಟೆಯನ್ನು ಆರಿಸಿಕೊಂಡರು. ಆ ಮಾರ್ಚ್ ತಿಂಗಳಲ್ಲಿ ಮೆಣಸಿನಕಾಯಿಯ ಬೆಲೆ ಕುಸಿದು, ರೊಚ್ಚಿಗೆದ್ದ ರೈತರು ಮಾರುಕಟ್ಟೆಯ ಆವರಣದಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದ್ದರು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣಕ್ಕಾಗಿಯೇ ಅದಕ್ಕೆ ಬೇಡಿಕೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಇಷ್ಟಿದ್ದೂ ಬೆಳೆದವನು ಬೆಲೆ ಬರುವವರೆಗೆ ಕಾಯಿಯನ್ನು ಶೀತಲ ಗೃಹದಲ್ಲಿಟ್ಟು ಕಾಯದೆ, ತಂದ ದಿನವೇ ಏಕೆ ಮಾರುತ್ತಾನೆ ಎಂಬುದು ಅವರ ಪ್ರಶ್ನೆ. ಪ್ರಶ್ನಾವಳಿಯನ್ನು ಕನ್ನಡಕ್ಕೆ ತಿರುಗಿಸಿಕೊಡಲು ನನ್ನನ್ನು ಕೇಳಿದರು. ನಾನು ಉತ್ಸಾಹದಿಂದ "ಶೀತಲೀಕೃತ ಉಗ್ರಾಣದಲ್ಲಿ ಸಂಗ್ರಹಿಸದಿರಲು ಕಾರಣವೇನು?" ಎಂದು ಬರೆದುಕೊಟ್ಟೆ. ಪೇಟೆಯಲ್ಲಿ ರೈತನೊಬ್ಬನು ಅದನ್ನು ಕೇಳಿ, "ಇದು ಯಾವ ಭಾಷಾ ತಮ್ಮಾ?" ಎಂದನಂತೆ. ವಿಜಾಪುರದ ಹುಡುಗನು ಅದನ್ನು "ಕೋಲ್ಡ್ ಸ್ಟೋರೇಜನ್ಯಾಗ ಯಾಕ ಇಡಲಿಲ್ರಿ?" ಎಂದು ತಿದ್ದಿದ ಮೇಲೆ ಉತ್ತರಗಳು ಬಂದವು. ಹೆಚ್ಚಿನವು ಒಂದೇ: ಸಾಲದವರು ಮನೆಯ ಮುಂದೆ ಕುಳಿತಿರುವಾಗ ಕಾಯುವವರಾರು?

ನನ್ನ ಪಾಂಡಿತ್ಯವು ಆ ಪೇಟೆಯಲ್ಲಿ ಚಲಾವಣೆಯಾಗದ್ದನ್ನು ಅವನು ನಗುತ್ತಲೇ ಹೇಳಿದನು. ನಾನೂ ನಕ್ಕೆ.

ಈಗ ಅವನು ಒಂದು ಬೀಜದ ಕಂಪನಿಯಲ್ಲಿದ್ದಾನೆ. ಕಳೆದ ದೀಪಾವಳಿಗೆ ಬಂದಿದ್ದನು. ಗೊಬ್ಬರದ ಅಂಗಡಿಯಲ್ಲಿ ಕಳೆದ ಆ ವರ್ಷದ ಮಾತನ್ನು ಅವನು ಎತ್ತಲಿಲ್ಲ. ಎತ್ತಬೇಕಾದವನು ನಾನು, ನನಗೂ ಧೈರ್ಯವಾಗಲಿಲ್ಲ. ತಂದೆ ಮಾತ್ರ ಮೊದಲಿನಂತೆಯೇ ಕಟ್ಟೆಯ ಮೇಲೆ ಕುಳಿತು, "ಪಂಡಿತರ, ಸಣ್ಣಾಕಿನೂ ಅಣ್ಣ ಓದಿದ್ದನ್ನs ಓದತೀನಿ ಅಂತಾಳ್ರಿ. ಏನ್ ಮಾಡೂಣು?" ಎಂದರು.

ಅರ್ಜಿ ಹಾಕಲು ಕೊನೆಯ ದಿನ ಯಾವುದೆಂದು ನಾನು ಕೇಳಿದೆ.