ಅರ್ಧ ತಂಬಿಗೆ

ಅತ್ತಿ ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದು ನನಗೆ ಗೊತ್ತಿತ್ತು. ಬೆಳಿಗ್ಗೆ ತುಂಬಿಸಿಟ್ಟ ತಂಬಿಗೆ ಸಂಜೆಗೂ ಅರ್ಧ ಹಾಗೇ ಇರುತ್ತಿತ್ತು. ನೋಡಿ ಸುಮ್ಮನಿದ್ದೆ. ಸುಮ್ಮನಿದ್ದೆ ಅನ್ನುವುದೂ ಪೂರ್ತಿ ನಿಜವಲ್ಲ, ಒಳಗೊಳಗೇ ಹಗುರಾಗಿತ್ತು. ನೀರು ಕಡಿಮೆಯಾದರೆ ಕೌದಿ ಒಗೆಯುವುದೂ ಕಡಿಮೆ.

ತೊಯ್ದ ಕೌದಿಯ ಭಾರ ಎತ್ತಿದವರಿಗೇ ಗೊತ್ತು. ಮಾಸೂರಿನ ಮಳೆಗಾಲದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ನಾನು ಏಳುವ ಮೊದಲೇ ಅತ್ತಿ ಅದನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ತೊಯ್ದ ಕಡೆ ಗೋಡೆಗೆ ಬರುವಂತೆ ಮಡಚಿ ಹಾಕುತ್ತಿದ್ದರು. ನಾನೂ ಕಾಣದವಳಂತೆ ಓಡಾಡುತ್ತಿದ್ದೆ. ಅವರ ಮರ್ಯಾದೆ ಕಾಯಲು ಅಂದುಕೊಂಡಿದ್ದೆ. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ.

ನಾನು ಆಶಾ ಕಾರ್ಯಕರ್ತೆ. ಬಾಣಂತಿಯರ ಮನೆಗೆ ಹೋದಾಗ ಉಚ್ಚಿ ಸೋರದಿರಲೆಂದು ಹೇಳಿಕೊಡುತ್ತೇನೆ: ಒಂದಕ್ಕೆ ಬಂದಾಗ ತಡೆದು ಹಿಡಿಯುತ್ತೀರಲ್ಲ, ಹಾಗೆ ಒಳಗಿನದನ್ನು ಮೇಲಕ್ಕೆ ಎಳೆದು ಐದು ಎಣಿಸಿ ಬಿಡಿ. ಉಸಿರು ಕಟ್ಟಬೇಡಿ, ಹೊಟ್ಟೆ-ತೊಡೆ ಬಿಗಿಯಬೇಡಿ. ಎಂಟತ್ತು ಸಲ, ದಿನಕ್ಕೆ ಮೂರು ಹೊತ್ತು, ಕಡಿಮೆಯೆಂದರೂ ಮೂರು ತಿಂಗಳು. ಅಮೆರಿಕದ ವೈದ್ಯ ಕೆಗೆಲ್ 1948ರಲ್ಲೇ ಬರೆದಿಟ್ಟ ವ್ಯಾಯಾಮ ಇದು. ದುಡ್ಡು ಬೇಡ, ಔಷಧಿ ಬೇಡ.

ಮನೆಯಲ್ಲಿ ಮಾತ್ರ ಹೇಳಲಿಲ್ಲ. ಆರು ಹೆತ್ತ ಮೈ, ಹೊಳೆಯಿಂದ ಕೊಡ ಹೊತ್ತ ಮೈ, ಈ ವಯಸ್ಸಿನಲ್ಲಿ ಇನ್ನೇನು ಬಿಗಿಯಾದೀತು ಎಂದುಕೊಂಡೆ. ಆದರೆ ಬಾಂಗ್ಲಾದೇಶದ ಹಳ್ಳಿಗಳಲ್ಲಿ 60 ದಾಟಿದ ಹೆಂಗಸರನ್ನೇ ಗುಂಪು ಕೂಡಿಸಿ ಇದನ್ನು ಕಲಿಸಿದ್ದಾರೆ, ಅವರಿಗೆ ಸೋರುವುದು ಕಡಿಮೆಯಾಗಿದೆ. ಆ ಅಧ್ಯಯನ 2019ರಲ್ಲೇ ಪ್ರಕಟವಾಗಿದೆ. ಅದನ್ನು ತಿಳಿದ ಮೇಲೂ ಬಾಯಿ ಬರಲಿಲ್ಲ. ಹಾಗಾದರೆ ತಡೆದದ್ದು ವಯಸ್ಸಿನ ಲೆಕ್ಕವಲ್ಲ. ಹೇಳಿದರೆ ಇಷ್ಟು ವರ್ಷ ಗೊತ್ತಿತ್ತು ಎಂದು ಒಪ್ಪಿಕೊಂಡಂತಾಗುತ್ತಿತ್ತು.

2023ರ ಜೂನಿನಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು. ಓಣಿಯವರೆಲ್ಲ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟಾಗ ಅತ್ತಿ ಮೊಣಕಾಲು ಬ್ಯಾನಿ ಅಂದರು. ಹಿರೇಕೆರೂರಿನ ಮದುವೆಗೆ ಅದೇ ಮೊಣಕಾಲಿನ ಮಾತು ತೆಗೆದವಳು ನಾನು. “ನೀವು ಮನ್ಯಾಗ ಇರ್ರಿ ಅತ್ತಿ, ಕಾಲು ಬ್ಯಾನಿ ಐತಲ್ಲ.” ಅವರು ನನ್ನ ಮುಖ ನೋಡದೆ ಹೂಂ ಅಂದರು.

ಕೊನೆಗೆ ಕಲಿಸಿದ್ದು ಸಂಘದ ಸಭೆಯಲ್ಲಿ. ಐದಾರು ಮುದುಕಿಯರ ನಡುವೆ, ಬಾಗಿಲ ಹತ್ತಿರ ಅತ್ತಿ ಕೂತಿದ್ದರು. ಎಲ್ಲರಿಗೂ ಹೇಳುವ ನೆಪದಲ್ಲಿ ಅವರಿಗೆ ಹೇಳಿದೆ. ಕೆಮ್ಮುವ ಮೊದಲು ಬಿಗಿಹಿಡಿಯಿರಿ ಎಂದೆ. ನೀರು ಕುಡಿಯುವುದನ್ನು ಬಿಡಬೇಡಿ, ಬಿಟ್ಟರೆ ಉಚ್ಚಿ ಗಟ್ಟಿಯಾಗಿ ಚೀಲ ಕೆರಳುತ್ತದೆ, ಮಲಬದ್ಧತೆಯಾಗಿ ಇನ್ನೂ ಒತ್ತುತ್ತದೆ ಎಂದೆ. ಹೇಳುತ್ತಿದ್ದಂತೆ ಮನೆಯ ತಂಬಿಗೆ ಕಣ್ಣ ಮುಂದೆ ಬಂತು.

ರಾತ್ರಿ ಕೇಳಿದರು, “ಇದು ನಿನಗ ಮೊದ್ಲ ಗೊತ್ತಿತ್ತೇನವ್ವಾ?”

“ಮೊನ್ನೆ ಟ್ರೇನಿಂಗಿನ್ಯಾಗ ಹೇಳಿದ್ರು ಅತ್ತಿ” ಅಂದೆ.

ಎರಡೂವರೆ ತಿಂಗಳಾಯಿತು. ಮೂತ್ರ, ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿದೆ. ಸಂಜೆ ದೀಪ ಹಚ್ಚಿದ ಮೇಲೆ ಅತ್ತಿ ಗೋಡೆಗೆ ಒರಗಿ, ಬೆರಳ ಗೆಣ್ಣಿನಲ್ಲಿ ಎಣಿಸುತ್ತ ಕೂರುತ್ತಾರೆ. ಕೌದಿ ಒದ್ದೆಯಾಗದ ದಿನಗಳೂ ಇವೆ, ಆಗುವ ದಿನಗಳೂ ಇವೆ. ಮೊನ್ನೆ ಪಕ್ಕದ ಮನೆಯಾಕೆ ಕಟ್ಟೆಗೆ ಬಂದು ಕೂತಿದ್ದಳು. “ನಮ್ಮ ಸೊಸಿ ಕಲ್ತ ಕೂಡ್ಲೇ ಬಂದು ನನಗ ಹೇಳಿಕೊಟ್ಲವಾ” ಎಂದು ಅತ್ತಿ ಆಕೆಗೆ ಹೇಳುತ್ತಿದ್ದರು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಹೊರಗೆ ಹೋಗಲಿಲ್ಲ.