ವ್ಯಾಧಿಯ ಮೂಲವೆಲ್ಲಿ?

ಜೆಫ್ರಿ ಬ್ಲಾಂಡ್ ಅವರು 1991ರಲ್ಲಿ ಅಮೆರಿಕೆಯಲ್ಲಿ ಸ್ಥಾಪಿಸಿದ ಸಂಸ್ಥೆಯಿಂದ ಪ್ರಚಾರಕ್ಕೆ ಬಂದ ‘ಫಂಕ್ಷನಲ್ ಮೆಡಿಸಿನ್’ ಪದ್ಧತಿಯು ರೋಗಲಕ್ಷಣವನ್ನು ಅಡಗಿಸುವುದಕ್ಕಿಂತ, ಆಹಾರ, ನಿದ್ರೆ, ಮನಃಕ್ಲೇಶಗಳಲ್ಲಿ ಅದರ ಮೂಲವನ್ನು ಅರಸುತ್ತದೆ. ಪ್ರಶ್ನೆಯೇನೋ ಯೋಗ್ಯವಾದುದೇ. ಆದರೆ ಇದರ ಹೆಸರಿನಲ್ಲಿ ಮಾರುವ ಎಷ್ಟೋ ಪರೀಕ್ಷೆಗಳಿಗೂ ಪೂರಕ ಗುಳಿಗೆಗಳಿಗೂ ಸಾಕಷ್ಟು ಆಧಾರವಿಲ್ಲ.

ನನ್ನ ಪತ್ನಿಗೆ ಎರಡು ವರ್ಷಗಳಿಂದ ಮಧುಮೇಹ. ಅಂತಹ ಗುಳಿಗೆಗಳ ಉದ್ದನೆಯ ಪಟ್ಟಿಯೊಂದು ನಮ್ಮ ಕೈಗೂ ಬಂದಿತ್ತು. “ಇವನ್ನು ಕೊಂಡರೆ ಮೊದಲಿನ ಔಷಧ ಬಿಡಬಹುದೇ?” ಎಂದು ಆಕೆ ಕೇಳಿದಾಗ, ನಮ್ಮ ವೈದ್ಯರು ಬ್ರಿಟನ್ನಿನ ‘ಡೈರೆಕ್ಟ್’ ಅಧ್ಯಯನವನ್ನು ವಿವರಿಸಿದರು. ತೂಕ ಹೆಚ್ಚಿದ್ದು, ಮಧುಮೇಹ ಬಂದು ಆರು ವರ್ಷ ಮೀರದವರಿಗೆ, ಮೇಲ್ವಿಚಾರಣೆಯಲ್ಲಿ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರ ಮಾತ್ರ. 2017ರ ವರದಿಯಂತೆ, ವರ್ಷ ಕಳೆದಾಗ ಅವರಲ್ಲಿ ಶೇ. 46 ಮಂದಿಗೆ ಔಷಧವಿಲ್ಲದೆಯೇ ಸಕ್ಕರೆ ಹತೋಟಿಯಲ್ಲಿತ್ತು. 15 ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಿ ಶೇ. 86. ಇದು ಸಾಮಾನ್ಯ ವೈದ್ಯಕೀಯದ್ದೇ ಸಾಧನೆ.

ಆಕೆ ಔಷಧ ಬಿಟ್ಟಿಲ್ಲ; ಆ ನಿರ್ಣಯವನ್ನು ವೈದ್ಯರಿಗೇ ಒಪ್ಪಿಸಿ, ಅವರ ಸಲಹೆಯಂತೆ ಊಟವನ್ನು ತಗ್ಗಿಸಿದ್ದಾಳೆ. ಪ್ರಸಾದವನ್ನು ತಟ್ಟೆಯಲ್ಲಿ ಉಳಿಸಬಾರದೆಂಬುದು ನಮ್ಮ ಮನೆಯ ನಡೆ. ಆದುದರಿಂದ ಬಡಿಸುವಾಗಲೇ ಅಳತೆ: ಜೋಳದ ರೊಟ್ಟಿ ಎರಡರ ಬದಲು ಒಂದು, ಪಲ್ಯ ಹೆಚ್ಚು. ಪಥ್ಯಕ್ಕಿಂತ ಕಷ್ಟವಾದುದು, ಬೀಗರ ಮನೆಯಲ್ಲಿ “ಇನ್ನೊಂದು ರೊಟ್ಟಿ” ಎಂಬ ಒತ್ತಾಯವನ್ನು ನಯವಾಗಿ ನಿರಾಕರಿಸುವುದು.